ಶಂಭಲದಲ್ಲಿ ಉಂಬಳ ಇರುತ್ತಾ?

ತೀರ್ಥಹಳ್ಳಿಯಲ್ಲಿ ಮಳೆ ಹಿಡಿದುಕೊಂಡಿದೆ, ಕರೆಂಟ್ ಇಲ್ಲ. ಸುಮ್ನೆ ಕೂತು ಅಕ್ಕನ ಮಗಳಿಗೆ ಶಂಭಲದ ಕಥೆ ಹೇಳಿದೆ. ಟಿಬೆಟಿನ ಬೌದ್ಧರ ಕಾಲಚಕ್ರ ಪರಂಪರೆಯಲ್ಲಿ ಬರುವ ಗುಪ್ತ ನಾಡು ಅದು. ಸುತ್ತ ಹಿಮದ ಬೆಟ್ಟಗಳು, ಒಳಗೆ ಎಂಟು ದಳದ ಕಮಲದ ಹಾಗೆ ಹರಡಿದ ನೆಲ, ನಡುವೆ ಕಲಾಪ ಅನ್ನೋ ರಾಜಧಾನಿ. ಜನ ನೆಮ್ಮದಿಯಾಗಿರುತ್ತಾರೆ. ಪುಣ್ಯ ಇಲ್ಲದವರಿಗೆ ದಾರಿಯೇ ಸಿಗಲ್ಲವಂತೆ.

"ಅಲ್ಲಿ ಉಂಬಳ ಇರುತ್ತಾ ಮಾವ?" ಅಂದಳು. ಉಂಬಳ ಅಂದ್ರೆ ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರೋ ಜಿಗಣೆ. ಮಲೆನಾಡಿನ ಮಕ್ಕಳಿಗೆ ಮೊದಲು ಬರೋ ಡೌಟೇ ಇದು.

ನಮ್ಮ ಪುರಾಣದ ಕಲ್ಕಿ ಹುಟ್ಟೋದೂ ಶಂಭಲ ಅನ್ನೋ ಹಳ್ಳಿಯಲ್ಲೇ. ಬೌದ್ಧರ ಕಥೆಯಲ್ಲಿ ಕಲ್ಕಿ ಅನ್ನೋದು ಶಂಭಲದ ರಾಜರ ಬಿರುದು; 25ನೇ ಕಲ್ಕಿ ರಾಜ ದೊಡ್ಡ ಸೈನ್ಯ ಕಟ್ಟಿಕೊಂಡು ಯುದ್ಧಕ್ಕೆ ಹೊರಡುತ್ತಾನೆ. ಅಷ್ಟು ಶಾಂತ ಊರಿಗೆ ಸೈನ್ಯ ಯಾಕೆ ಅಂತ ಅವಳ ತಕರಾರು. ಅದು ಮನಸ್ಸಿನೊಳಗಿನ ಯುದ್ಧ ಅಂತ ಹೇಳುವವರಿದ್ದಾರೆ ಎಂದೆ. ಅವಳು ಒಪ್ಪಲಿಲ್ಲ. ನನಗೂ ಅದು ಸ್ವಲ್ಪ ಜಾಣ ಉತ್ತರ ಅನ್ನಿಸುತ್ತೆ.

1933ರ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಹುಟ್ಟಿದ ಶಾಂಗ್ರಿಲಾ ಇನ್ನೊಂದು ಗುಪ್ತ ನಾಡು. 2001ರಲ್ಲಿ ಚೀನಾದ ಯುನ್ನಾನ್‌ನ ಒಂದು ಊರಿಗೆ ಆ ಹೆಸರನ್ನೇ ಇಟ್ಟರು, ಪ್ರವಾಸಿಗರು ಬರಲಿ ಅಂತ. ಬಂದರು ಕೂಡ. ಆಗುಂಬೆ ಕಡೆಯ ಹೋಂಸ್ಟೇ ಬೋರ್ಡುಗಳಿಗೂ ಈ ಉಪಾಯ ಗೊತ್ತು. ಉಂಬಳದ ವಿಷಯ ಮಾತ್ರ ಯಾರೂ ಬರೆಯಲ್ಲ.