ಮಾಸ್ಟ್ರ ಕೆಮ್ಮು ಮತ್ತು ಒಂದು ಬಾಳೆಗೊನೆ

ಕಳೆದ ಆಗಸ್ಟಿನಲ್ಲಿ ನಮ್ಮ ಕನ್ನಡ ಮಾಸ್ಟ್ರು ತೀರಿಕೊಂಡರು. ಅವರಿಗೆ 84 ವರ್ಷವಾಗಿತ್ತು. ಅವತ್ತು ಬೆಳಗಿನಿಂದ ಬಿಡದೆ ಮಳೆ. ಗುಂಡಿಯಲ್ಲಿ ನೀರು ನಿಲ್ಲಬಾರದೆಂದು ಇಬ್ಬರು ಹುಡುಗರು ಬಾಲ್ದಿಯಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲುತ್ತಿದ್ದರು. ಕೊಡೆ ಹಿಡಿದು ನಿಂತವರಲ್ಲಿ ನಮ್ಮ ಬ್ಯಾಚಿನವರೇ ಹನ್ನೊಂದು ಮಂದಿ. ಮಸ್ಕತ್ತಿನಿಂದ ರಾತ್ರಿ ವಿಮಾನ ಹಿಡಿದು ಬಂದಿದ್ದ ಗೆಳೆಯನೊಬ್ಬ ನನ್ನ ಪಕ್ಕ ನಿಂತಿದ್ದ. ಚರ್ಚಿನ ಅಯ್ಯನವರ ಪ್ರಾರ್ಥನೆ ಮುಗಿದು ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದಾಗ ಅವನು ಮೆಲ್ಲಗೆ ಕೇಳಿದ, "ಬಾವಿಕಟ್ಟೆಯ ಆ ರಾತ್ರಿ ನೆನಪುಂಟಾ ನಿಂಗೆ?"

ನೆನಪಿಲ್ಲದೆ ಏನು? ಶಾಲೆಯ ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂತ ಹೆಡ್‌ಮಿಸ್ ಕೇಳಿದಾಗ ಮೊದಲು ಮನಸ್ಸಿಗೆ ಬಂದದ್ದೂ ಅದೇ.

ನಿಜ ಹೇಳಬೇಕೆಂದರೆ ಪಾಠಗಳು ಹೆಚ್ಚಿನವು ಮರೆತುಹೋಗಿವೆ. ಒಂಬತ್ತನೆಯ ಕ್ಲಾಸಿನಲ್ಲಿ ಯಾವ ಪದ್ಯ ಇತ್ತು, ಯಾವ ಗದ್ಯ ಇತ್ತು, ಈಗ ಹೇಳಲಾರೆ. ಮಾಸ್ಟ್ರು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದ್ದಾರೆ. ಬಿಳಿ ಪಂಚೆ, ತೋಳು ಮಡಚಿದ ಶರ್ಟು, ಜೇಬಿನಲ್ಲಿ ಅರ್ಧ ಚಾಕ್‌ಪೀಸು. ಮೇಜಿನ ಮೇಲೆ ಯಾವಾಗಲೂ ಕಿಟೆಲ್ ನಿಘಂಟು, ಅದಕ್ಕೊಂದು ಹಳೇ ಸೀರೆಯ ಬಟ್ಟೆಯ ಹೊದಿಕೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ ಅದು ಎಂದು ಹೇಳುವಾಗ ಅವರ ದನಿಯಲ್ಲೇ ಒಂದು ಹೆಮ್ಮೆ. ಯಾರಾದರೂ "ಮಾಸ್ಟ್ರೇ, ಹೇಳ್ಲಿಕ್ಕೆ ಮಾತು ಸಿಗ್ತಿಲ್ಲ" ಅಂದರೆ ಆ ನಿಘಂಟಿನ ಮೇಲೆ ಎರಡು ಸಲ ತಟ್ಟಿ, "ಇಲ್ಲಿ ಎಪ್ಪತ್ತು ಸಾವಿರ ಉಂಟು ಮಾರಾಯ, ನಿಂಗೆ ನಾಲ್ಕು ಸಿಗ್ಲಿಲ್ವಾ?" ಅನ್ನುತ್ತಿದ್ದರು. ಹೀಗೆ ಹೇಳಿ ಒಂದು ಕೆಮ್ಮು. ಅದು ಕಾಯಿಲೆಯ ಕೆಮ್ಮಲ್ಲ, ಅಭ್ಯಾಸದ್ದು. ಅವರು ಬರುವ ಮೊದಲೇ ವರಾಂಡದಲ್ಲಿ ಅವರ ಕೆಮ್ಮು ಬರುತ್ತಿತ್ತು.

ಚರ್ಚಿನ ಸಂಡೆ ಸ್ಕೂಲನ್ನೂ ಅವರೇ ನೋಡಿಕೊಳ್ಳುತ್ತಿದ್ದರು. 1986ರ ದಸರಾ ರಜೆಯಲ್ಲಿ ನಮ್ಮನ್ನು ನಾಲ್ಕು ದಿನದ ಕ್ಯಾಂಪಿಗೆ ಕರೆದುಕೊಂಡು ಹೋದರು. ಆಗುಂಬೆ ಘಾಟಿಯ ಕೆಳಗೆ, ಸೋಮೇಶ್ವರದ ಹತ್ತಿರ, ನಮ್ಮ ಚರ್ಚಿನ ಸಭೆಯವರೊಬ್ಬರ ತೋಟದ ಮನೆ. ನಾವು 42 ಮಕ್ಕಳು. ಮನೆಯಿಂದ ತರಬೇಕಾದದ್ದು ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ, ಒಂದು ಬಟ್ಟಲು, ಒಂದು ಹೊದಿಕೆ, ಮತ್ತೆ ಸತ್ಯವೇದ, ಅಂದರೆ ಬೈಬಲ್. ಹುಡುಗಿಯರು ಟೀಚರ್‌ಗಳ ಜೊತೆ ಮಾಳಿಗೆಯಲ್ಲಿ, ನಾವು ಕೆಳಗೆ ಅಡಿಕೆ ಒಣಗಿಸುವ ಅಂಗಳದ ಪಕ್ಕದ ಕೊಟ್ಟಿಗೆಯಲ್ಲಿ. ಕಾಲಿಟ್ಟಲ್ಲೆಲ್ಲ ರಕ್ತ ಹೀರುವ ಇಂಬಳ. ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡೇ ಹೊರಗೆ ಹೋಗಬೇಕು.

ಮೊದಲ ದಿನ ಮಾಸ್ಟ್ರು ಏನೂ ಹೇಳಲಿಲ್ಲ. ಸುಮ್ನೆ ನೋಡುತ್ತಾ ಇದ್ದರು. ಯಾರು ಊಟಕ್ಕೆ ಮುಂದೆ ನುಗ್ಗುತ್ತಾರೆ, ಯಾರು ಮೂಲೆಯಲ್ಲಿ ಕೂರುತ್ತಾರೆ, ಯಾರ ನಗು ಯಾರನ್ನು ಚುಚ್ಚುತ್ತದೆ, ಎಲ್ಲ ನೋಡಿದರು. ಸಂಜೆ ಪ್ರಾರ್ಥನೆ ಆದ ಮೇಲೆ ಒಬ್ಬೊಬ್ಬರ ಕೈಗೂ ಮಡಚಿದ ಒಂದು ಚೀಟಿ ಕೊಟ್ಟರು. ಅದರಲ್ಲಿ ಆ ಮಗುವಿಗೆ ಮಾತ್ರ ಸೇರಿದ ಒಂದು ಕೆಲಸ ಬರೆದಿತ್ತು. 42 ಚೀಟಿ, 42 ಬೇರೆ ಬೇರೆ ಕೆಲಸ. "ಇದು ನಿಂಗೂ ದೇವರಿಗೂ ಮಧ್ಯದ ವಿಷಯ. ಬೇರೆಯವರಿಗೆ ತೋರಿಸ್ಬೇಕಂತ ಇಲ್ಲ. ಆಗದಿದ್ರೆ ಆಗಲ್ಲ ಅನ್ಬಹುದು, ನಂಗೇನೂ ಬೇಜಾರಿಲ್ಲ. ಕಷ್ಟ ಆದ್ರೆ ನಾನು ಜಗಲಿಯಲ್ಲಿ ಇರ್ತೇನೆ." ಇಷ್ಟೇ ಅವರ ಭಾಷಣ.

ಮಸ್ಕತ್ತಿನ ಗೆಳೆಯನ ಚೀಟಿಯಲ್ಲಿ ಏನಿತ್ತು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅವನಿಗೆ ಕತ್ತಲೆಂದರೆ ಜೀವಭಯ. ರಾತ್ರಿ ಒಂದಕ್ಕೆ ಹೋಗಬೇಕೆಂದರೂ ನಮ್ಮಲ್ಲಿ ಒಬ್ಬರನ್ನು ಎಬ್ಬಿಸುತ್ತಿದ್ದ. ನಾವು ಅವನನ್ನು ಆಡಿಕೊಂಡದ್ದೇ ಆಡಿಕೊಂಡದ್ದು. ಟಾರ್ಚಿಲ್ಲದೆ ಬಾವಿಕಟ್ಟೆಯ ಮೇಲೆ ಹತ್ತು ನಿಮಿಷ ಕೂತು ದೇವರೇ ನನ್ನ ಕುರುಬ ಅನ್ನುವ ಬೈಬಲಿನ 23ನೆಯ ಕೀರ್ತನೆಯನ್ನು ನಿಧಾನವಾಗಿ, ಅರ್ಥ ಮಾಡಿಕೊಂಡು ಹೇಳಬೇಕು ಅಂತ ಅವನಿಗೆ ಬರೆದಿದ್ದರು. ಮನೆಯಿಂದ ಬಾವಿಗೆ ಒಂದು ಐವತ್ತು ಹೆಜ್ಜೆ ಇರಬಹುದು. ಅವನು ಹೋದ. ಆ ಕತ್ತಲೆಂದರೆ ಈಗಿನ ಮಕ್ಕಳಿಗೆ ಹೇಳಿದರೂ ಅರ್ಥವಾಗದು. ಅಡಿಕೆ ಮರಗಳ ಕೆಳಗೆ ಚಾಚಿದ ಕೈ ಕಾಣದು, ಜೀರುಂಡೆಯ ಸದ್ದು ಕಿವಿ ತುಂಬಿರುತ್ತದೆ. ಕತ್ತಲ ಕಣಿವೆಯಲ್ಲಿ ನಡೆದರೂ ಹೆದರೆನು ಅನ್ನುವ ವಚನಕ್ಕೆ ಬರುವಷ್ಟರಲ್ಲಿ ಅವನ ಬಾಯಿ ಒಣಗಿಹೋಯಿತು. ಓಡಿಬಿಡೋಣ ಅಂತ ಎದ್ದ. ಆಗ ಜಗಲಿಯ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಮತ್ತೆ ಕೂತ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೆಮ್ಮು. ಹತ್ತು ನಿಮಿಷವೂ ಹಾಗೆಯೇ. ಮಾಸ್ಟ್ರು ಅವನ ಹತ್ತಿರ ಬರಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ, ದೀಪ ಹಚ್ಚಲಿಲ್ಲ. ಕೆಮ್ಮಿದರು, ಅಷ್ಟೇ. "ಕುರುಬ ಜೊತೆಗಿದ್ದಾನೆ ಅಂದ್ರೆ ಏನು ಅಂತ ನಂಗೆ ಅವತ್ತು ಗೊತ್ತಾಯ್ತು" ಅಂತ ಅವನು ಗೋರಿಯ ಪಕ್ಕ ನಿಂತು ಹೇಳಿದ.

ಇನ್ನು ನನ್ನ ಚೀಟಿ. ನಾನು ಸಂಡೆ ಸ್ಕೂಲಿನ ವಚನ ಕಂಠಪಾಠದಲ್ಲಿ ಸತತ ಮೂರು ವರ್ಷ ಪ್ರಥಮ. 119ನೆಯ ಕೀರ್ತನೆಯ 176 ವಚನಗಳಲ್ಲಿ ನೂರಕ್ಕೂ ಜಾಸ್ತಿ ನನಗೆ ಬಾಯಿಗೆ ಬರುತ್ತಿದ್ದವು. ಆ ವಯಸ್ಸಿಗೆ ಅದು ದೊಡ್ಡ ಸಾಧನೆಯೇ, ಇವತ್ತಿಗೂ ನನಗೆ ಅದರ ಬಗ್ಗೆ ಅಭಿಮಾನ ಇದೆ. ಕ್ಯಾಂಪಿನಲ್ಲಿ ಪ್ರಾರ್ಥನೆ ನಡೆಸುವ ಜವಾಬ್ದಾರಿ ನನಗೇ ಬರುತ್ತದೆ ಅಂದುಕೊಂಡಿದ್ದೆ. ಚೀಟಿ ಬಿಡಿಸಿದರೆ ಹೀಗಿತ್ತು: "ನಾಲ್ಕು ದಿನ ಬಾಯಿಪಾಠದ್ದು ಏನೂ ಹೇಳಬೇಡ. ದೇವರ ಹತ್ತಿರ ನಿನಗೆ ಹೇಳಲಿಕ್ಕಿರುವುದನ್ನು ನಿನ್ನದೇ ಮಾತಿನಲ್ಲಿ ಹೇಳು."

ನನಗೆ ಸಿಟ್ಟು ಬಂತು. ಅವಮಾನವೂ ಆಯಿತು. ಬೆಳಿಗ್ಗೆ ಇಪ್ಪತ್ತು ನಿಮಿಷ ಮೌನದ ಹೊತ್ತು ಅಂತ ಇತ್ತು, ಒಬ್ಬೊಬ್ಬರು ಒಂದೊಂದು ಮರದ ಬುಡದಲ್ಲಿ ಕೂರಬೇಕು. ಎರಡನೆಯ ದಿನ ನಾನು ಹಲಸಿನ ಮರದ ಕೆಳಗೆ ಕೂತೆ. ಒಂದು ಮಾತೂ ಬರಲಿಲ್ಲ. ಬಂದದ್ದೆಲ್ಲ ವಚನವೇ. ಅದನ್ನು ತಡೆದರೆ ಅದರ ಕೆಳಗೆ ಬೇರೆ ಏನೋ ಕಾಣುತ್ತಿತ್ತು, ಅದನ್ನು ನೋಡಲಿಕ್ಕೆ ನನಗೆ ಇಷ್ಟವಿರಲಿಲ್ಲ.

ಅದೇನೆಂದು ಮಾಸ್ಟ್ರಿಗೆ ಗೊತ್ತಿತ್ತು. ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1865ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ನಮ್ಮಂಥ ಎಷ್ಟೋ ಕುಟುಂಬಗಳು ಅನ್ನ ಉಂಡದ್ದು ಆ ಆವೆಮಣ್ಣಿನಿಂದಲೇ. ಆದರೆ ತಾರಸಿ ಮನೆಗಳು ಬಂದ ಮೇಲೆ ಹಂಚಿಗೆ ಗಿರಾಕಿ ಕಡಿಮೆಯಾಯಿತು. ಅಪ್ಪನ ಕಾರ್ಖಾನೆ ಬಾಗಿಲು ಹಾಕಿ ಆಗ ಮೂರು ತಿಂಗಳು. ಅಪ್ಪ ಬೆಳಿಗ್ಗೆ ಬೇಗ ಎದ್ದು, ಡ್ಯೂಟಿಗೆ ಹೋಗುವವರ ಹಾಗೆ ಶರ್ಟು ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ನಾನು ಅವರ ಮುಂದೆಯೇ ವಚನ ಬಾಯಿಪಾಠ ಮಾಡುತ್ತಿದ್ದೆ, ಜೋರಾಗಿ.

ಗಲಾಟೆಯ ಕತೆ ಬರುವುದು ಇಲ್ಲಿಯೇ. ಅಡುಗೆಮನೆಯ ಗೋಡೆಯ ಪಕ್ಕ ಒಂದು ದೊಡ್ಡ ಕದಳಿ ಬಾಳೆಗೊನೆ ತೂಗುಹಾಕಿದ್ದರು. ಕೊನೆಯ ದಿನದ ರಸಾಯನಕ್ಕೆ ಅಂತ ಇಟ್ಟದ್ದು. ಎರಡನೆಯ ರಾತ್ರಿ ನಾವು ಮೂವರು ಕಿಟಕಿ ಹತ್ತಿ ಒಳಗೆ ಇಳಿದೆವು. ಉಪಾಯ ನನ್ನದೇ. ಗೋಡೆಯ ಕಡೆಗಿದ್ದ ಹಣ್ಣುಗಳನ್ನು ಮಾತ್ರ ಕಿತ್ತು ತಿಂದೆವು. ಮುಂದಿನಿಂದ ನೋಡಿದರೆ ಗೊನೆ ತುಂಬಿದ ಹಾಗೇ ಇತ್ತು. ಸಿಪ್ಪೆಯನ್ನು ದನದ ಕೊಟ್ಟಿಗೆಗೆ ಹಾಕಿ ಬಂದು ಮಲಗಿದೆವು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ ನನಗೆ ಖುಷಿಯಲ್ಲಿ ನಿದ್ದೆಯೇ ಬರಲಿಲ್ಲ.

ಬೆಳಿಗ್ಗೆ ಗಂಜಿಗೆ ಕೂತಾಗ ನೋಡುತ್ತೇನೆ, ಗೊನೆಯನ್ನು ಯಾರೋ ತಿರುಗಿಸಿ ಹಾಕಿದ್ದಾರೆ. ಖಾಲಿ ಬೆನ್ನು ನಮ್ಮ ಕಡೆಗೆ. ಬರೀ ತೊಟ್ಟು, ಒಸರಿದ ಅಂಟು ಕಪ್ಪಾಗಿದೆ. ಮಾಸ್ಟ್ರು ಗಂಜಿ ಬಡಿಸುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಯಾರು ಅಂತ ಕೇಳಲಿಲ್ಲ, ವಿಚಾರಣೆ ಮಾಡಲಿಲ್ಲ. ಮಧ್ಯಾಹ್ನದ ಊಟಕ್ಕೂ ಗೊನೆ ಹಾಗೇ ಇತ್ತು. ಸಂಜೆ ಚಹಾಕ್ಕೂ ಹಾಗೇ. ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಆ ರಾತ್ರಿ ನಾನು ಒಬ್ಬನೇ ಹಲಸಿನ ಮರದ ಹತ್ತಿರ ಹೋದೆ. ಬಾಳೆಹಣ್ಣು ಕದ್ದೆ ಅಂತ ಹೇಳಲಿಕ್ಕೆ ಶುರುಮಾಡಿದ್ದು. ಮನೆಯಲ್ಲಿ ನಮ್ಮ ಮಾತು ತುಳು, ಪ್ರಾರ್ಥನೆ ಮಾತ್ರ ಪುಸ್ತಕದ ಕನ್ನಡ. ಅವತ್ತು ಬಾಯಿಗೆ ಬಂದದ್ದು ತುಳು. "ದೇವೆರೇ, ಎಂಕ್ ಕೋಪ ಉಂಡು." ದೇವರೇ, ನನಗೆ ಸಿಟ್ಟಿದೆ. ಅಷ್ಟು ಹೇಳಿದ್ದೇ ಸರಿ, ಕಟ್ಟೆ ಒಡೆದ ಹಾಗಾಯಿತು. ಅಪ್ಪನ ಶರ್ಟು, ಅಮ್ಮ ಒತ್ತೆ ಇಟ್ಟ ಬಳೆ, ಇಷ್ಟೆಲ್ಲ ವಚನ ಕಲಿತರೂ ನಮಗೇ ಯಾಕೆ ಹೀಗೆ ಅನ್ನುವ ಪ್ರಶ್ನೆ, ಎಲ್ಲ ಹೊರಗೆ ಬಂತು. ಅತ್ತುಬಿಟ್ಟೆ. ಜಗಲಿಯಿಂದ ಕೆಮ್ಮು ಕೇಳಿಸಿತು.

ಮುಖ ಒರೆಸಿಕೊಂಡು ಹೋಗಿ ಅವರ ಮುಂದೆ ನಿಂತೆ. ಹಣ್ಣಿನ ವಿಷಯ ಹೇಳಿದೆ. ಆಮೇಲೆ, "ಮಾಸ್ಟ್ರೇ, ನಾನು ದೇವರಿಗೆ ಬೈದೆ. ಅದೂ ತುಳುವಿನಲ್ಲಿ" ಅಂದೆ. ಅವರು ಪಕ್ಕದಲ್ಲಿ ಕೂರಿಸಿಕೊಂಡರು. "ದೇವರಿಗೆ ತುಳು ಬರ್ತದೆ ಮಾರಾಯ. ಬಾಸೆಲ್ ಮಿಶನಿನ ಮ್ಯಾನರ್ ಸಾಹೇಬರು 1886ರಲ್ಲೇ ತುಳುವಿಗೂ ಒಂದು ನಿಘಂಟು ಮಾಡಿಟ್ಟಿದ್ದಾರೆ, ಅದಕ್ಕೆ ಈಗ ನೂರು ವರ್ಷ" ಅಂದರು. ಮತ್ತೆ ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ ಆ ತಂದೆಯ ಕತೆ ಹೇಳಿದರು. ಕಾಯಿಲೆಯ ಮಗನನ್ನು ಕರೆದುಕೊಂಡು ಯೇಸುವಿನ ಹತ್ತಿರ ಬಂದವನು. ನಂಬುತ್ತೇನೆ, ನಂಬಿಕೆ ಸಾಲದ ಕಡೆ ನೀನೇ ಸಹಾಯ ಮಾಡು ಅಂತ ಒಂದೇ ಉಸಿರಿಗೆ ಕೂಗಿದವನು. "ಅವನನ್ನು ಯೇಸು ವಾಪಸ್ ಕಳಿಸಿದ್ನಾ?" ಅಂತ ಕೇಳಿದರು. ಇಲ್ಲ ಅಂದೆ. "ಮತ್ತೆ?" ಅಂದರು. ಅಷ್ಟೇ. ಮಲಗು ಹೋಗು ಅಂತ ಕಳಿಸಿದರು.

ಕೊನೆಯ ದಿನ ನಾವು ಮೂವರೂ ನಸುಕಿನಲ್ಲೇ ಎದ್ದು ಹನ್ನೆರಡು ಕಾಯಿ ತುರಿದು ಹಾಲು ಹಿಂಡಿದೆವು. ಉಳಿದ ಹಣ್ಣಿಗೆ ಎಷ್ಟು ಆಗುತ್ತದೋ ಅಷ್ಟು ರಸಾಯನ. ನಮಗೆ ಸಿಗಲಿಕ್ಕಿಲ್ಲ ಅಂದುಕೊಂಡು ಹಿಂದೆ ನಿಂತಿದ್ದೆವು. ಮಾಸ್ಟ್ರು ಕರೆದು ಎಲ್ಲರಷ್ಟೇ ಬಡಿಸಿದರು. ಅವರ ಬಟ್ಟಲಲ್ಲಿ ಬೆಲ್ಲ ಹಾಕಿದ ಕಾಯಿಹಾಲು ಮಾತ್ರ ಇತ್ತು, ಒಂದು ತುಂಡು ಹಣ್ಣೂ ಇರಲಿಲ್ಲ. ಆ ಬಟ್ಟಲು ನಾನು ಸಾಯುವವರೆಗೆ ಮರೆಯುವುದಿಲ್ಲ.

ಆ ಮಧ್ಯಾಹ್ನ ಘಾಟಿ ಹತ್ತಿದೆವು, ನಡೆದುಕೊಂಡೇ. 14 ತಿರುವುಗಳನ್ನೂ ಜೋರಾಗಿ ಎಣಿಸುತ್ತಾ. ಮೇಲೆ ಹೋದಾಗ ಮೋಡ ಮುಚ್ಚಿ ಸೂರ್ಯಾಸ್ತ ಕಾಣಲಿಲ್ಲ. ಯಾರಿಗೂ ಬೇಜಾರಾಗಲಿಲ್ಲ.

ಅಪ್ಪನಿಗೆ ಮುಂದಿನ ವರ್ಷ ಒಂದು ಗೋಡೌನಿನಲ್ಲಿ ಕಾವಲು ಕೆಲಸ ಸಿಕ್ಕಿತು. ನಾನು ಓದಿ ಬ್ಯಾಂಕಿಗೆ ಸೇರಿದೆ, ದೇವರ ದಯೆಯಿಂದ ದೊಡ್ಡ ಶಾಖೆಗಳನ್ನೇ ನಡೆಸಿದೆ. ಸಾಲ ಕಟ್ಟಲಾಗದೆ ಬಂದವರು ನನ್ನ ಮುಂದೆ ಕೂತು ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು. "ಸರ್, ನಿಮ್ಮ ಹತ್ರ ಹೇಳ್ಬಹುದು ಅನ್ಸ್ತದೆ" ಅಂತ ಎಷ್ಟೋ ಮಂದಿ ಹೇಳಿದ್ದಾರೆ. ಹಾಗೆ ಕೇಳುವುದನ್ನು ನಾನು ಯಾವ ಟ್ರೈನಿಂಗಿನಲ್ಲೂ ಕಲಿತದ್ದಲ್ಲ.

ಈಗಿನ ಮಕ್ಕಳ ಕ್ಯಾಂಪುಗಳನ್ನೂ ನೋಡುತ್ತೇನೆ. ನಡೆಸುವವರ ಶ್ರಮದ ಬಗ್ಗೆ ನನಗೆ ಗೌರವ ಇದೆ. ಆದರೆ ಬ್ಯಾನರು, ಒಂದೇ ಬಣ್ಣದ ಟೀಶರ್ಟು, ಪರದೆಯ ಮೇಲೆ ಹಾಡು, ತಂಡಕ್ಕೆ ಅಂಕ, ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟು. ಗಂಟೆಗೊಮ್ಮೆ ಅಪ್ಪ ಅಮ್ಮಂದಿರ ಗ್ರೂಪಿಗೆ ಫೋಟೋ ಹೋಗಬೇಕು. ಸವಾಲು ಅಂತ ಕೊಡುವುದೂ ಎಲ್ಲರಿಗೂ ಒಂದೇ, ಹಗ್ಗ ಹತ್ತುವುದು ಇಲ್ಲವೇ ವಚನದ ಕ್ವಿಜ್. ಕೊನೆಯ ರಾತ್ರಿ ಮೈಕಿನ ಮುಂದೆ ಸಾಕ್ಷಿ ಹೇಳಿ, ದೇವರು ನಿಮಗೇನು ಮಾಡಿದ ಹೇಳಿ ಅಂತ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಹದಿಮೂರು ವರ್ಷದ ಮಗು ಆಗ ದೊಡ್ಡವರಿಗೆ ಯಾವುದು ಹಿಡಿಸುತ್ತದೋ ಅದನ್ನೇ ಹೇಳುತ್ತದೆ, ಅಲ್ವಾ? ನಮ್ಮ ಮಾಸ್ಟ್ರು ಸಾಕ್ಷಿ ಕೇಳಲೇ ಇಲ್ಲ. ಅವರ ಕಣ್ಣಿಗೆ ಕಾಣಬೇಕಾದದ್ದು ಕಂಡಿತ್ತು.

ಅವರು ತೀರಿಕೊಂಡ ಮೇಲೆ, ಅದೇ ಅಕ್ಟೋಬರಿನಲ್ಲಿ, ನಮ್ಮ ಸಂಡೆ ಸ್ಕೂಲಿನ ಕ್ಯಾಂಪಿಗೆ ನಾನೂ ಹೋದೆ. ಮಕ್ಕಳು ಹತ್ತೊಂಬತ್ತು ಮಂದಿ ಅಷ್ಟೇ. ಒಂದು ದಿನ ಸುಮ್ನೆ ನೋಡಿದೆ. ರಾತ್ರಿ ಕೂತು ಚೀಟಿ ಬರೆದೆ. ಎಷ್ಟು ಕಷ್ಟದ ಕೆಲಸ ಅದು ಎಂದು ಆಗಲೇ ಗೊತ್ತಾದದ್ದು, ಎರಡು ಚೀಟಿ ಬರೆಯುವಷ್ಟರಲ್ಲಿ ಗಂಟೆ ಹನ್ನೊಂದಾಗಿತ್ತು. ಪ್ರತಿ ಮಗುವಿನ ಹೆಸರು ಹಿಡಿದು ಪ್ರಾರ್ಥಿಸದೆ ಒಂದು ಸಾಲೂ ಬರುವುದಿಲ್ಲ.

ಎಂಟನೆಯ ಕ್ಲಾಸಿನ ಒಬ್ಬಳು ಹುಡುಗಿ, ಯಾರ ಜೊತೆಯೂ ಮಾತಾಡದವಳು. ಗೆಳತಿಯೊಬ್ಬಳ ಜೊತೆ ಜಗಳವಾಗಿ ಒಂದು ವರ್ಷವಾಗಿತ್ತಂತೆ. ಆ ಗೆಳತಿಯೂ ಅದೇ ಕ್ಯಾಂಪಿನಲ್ಲಿದ್ದಳು. ಈ ಹುಡುಗಿ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದು, "ಅಂಕಲ್, ಇದು ನನ್ನಿಂದ ಆಗಲ್ಲ, ಬೇರೆ ಕೊಡಿ" ಅಂದಳು. ಆಗದಿದ್ದರೆ ಬೇಡ ಮಗಾ, ಆದರೆ ಚೀಟಿ ನಿನ್ನ ಹತ್ತಿರವೇ ಇರಲಿ ಅಂದೆ. ಅವಳು ಹೋದಳು. ಆಮೇಲೆ ಊಟವಾಗಿ, ಪಾತ್ರೆ ತೊಳೆದಾಗಿ, ಎಲ್ಲರೂ ಮಲಗಲು ಹೊರಟ ಹೊತ್ತಿನಲ್ಲಿ ಅಂಗಳದ ಆ ತುದಿಯಲ್ಲಿ ಇಬ್ಬರು ಹುಡುಗಿಯರು ದೂರ ದೂರ ನಿಂತಿರುವುದು ಕಂಡಿತು. ಒಬ್ಬಳ ಕೈಯಲ್ಲಿ ಆ ಚೀಟಿ. ಇಬ್ಬರೂ ಮಾತಾಡುತ್ತಿರಲಿಲ್ಲ.

ನಾನು ಜಗಲಿಯ ದೀಪ ಆರಿಸಿ, ಕಂಬಕ್ಕೆ ಒರಗಿ ಕೂತು, ಒಮ್ಮೆ ಕೆಮ್ಮಿದೆ.