ಬಿಡ್ಲೇನು ಅಪ್ಪಾ?

ಭಾನುವಾರದಿಂದ ಮಗಳ ಒಂದು ಮಾತು ಕಿವಿಯಲ್ಲೇ ಕೂತಿದೆ. "ತಳಕ್ಕ ಹೋತು. ಬಿಡ್ಲೇನು ಅಪ್ಪಾ?"

ಅದರ ಹಿಂದಿನ ವಾರ ಪಂಚಗಣಿಯಿಂದ ವಾಯಿಗೆ ಇಳಿಯುತ್ತಿದ್ದೆವು. ಪಸರಣಿ ಘಾಟ್‌ನಲ್ಲಿ ಬ್ರೇಕ್ ಪೆಡಲ್ ಮೆತ್ತಗಾಯಿತು. ನಾದಿದ ಹಿಟ್ಟಿನೊಳಗೆ ಕಾಲಿಟ್ಟ ಹಾಗೆ ಒಳಗೆ ಹೋಗುತ್ತಿತ್ತು. ಎರಡನೇ ಗೇರಿಗೆ ತಂದು, ಪೆಡಲ್ ಪಟಪಟ ಒತ್ತಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆದು ಗುಡ್ಡದ ಬದಿಗೆ ನಿಲ್ಲಿಸಿದೆ. ಹಿಂದೆ ಅವ್ವ, ಹೆಂಡತಿ, ಮಗಳು. ಯಾರೂ ಮಾತಾಡಲಿಲ್ಲ. ಅರ್ಧ ತಾಸು ಆರಿದ ಮೇಲೆ ಪೆಡಲ್ ತಾನಾಗಿ ಗಟ್ಟಿಯಾಯಿತು.

ನಾವು ಬ್ರೇಕ್ ಆಯಿಲ್ ಅಂತೀವಿ, ಆದರೆ ಅದು ಎಣ್ಣೆಯಲ್ಲ. ಗಾಳಿಯಲ್ಲಿನ ತೇವ ಹೀರುವ ದ್ರವ. ಡಾಟ್ 4 ಅನ್ನುವ ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ಶೇಕಡಾ 3.7ರಷ್ಟು ನೀರು ಸೇರಿದರೆ 155ಕ್ಕೇ ಕುದಿಯಬಹುದು. ಘಾಟ್ ಇಳಿಯುವಾಗ ಬ್ರೇಕ್ ಕಾದು ಒಳಗೆ ಆವಿ ಹುಟ್ಟುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಬಲ ಚಕ್ರಕ್ಕೆ ಮುಟ್ಟುವುದೇ ಇಲ್ಲ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ನಾನು ಬದಲಿಸಿದ್ದೆ. ಅಂದರೆ, ಗ್ಯಾರೇಜಿನವರು ನಾಲ್ಕು ತಿಂಗಳ ಹಿಂದೆ ಬಿಲ್ಲಿನಲ್ಲಿ ಹಾಗೆ ಬರೆದಿದ್ದರು.

ಈ ಸಲ ಪುಣೆಯ ಸಿಂಹಗಡ ರಸ್ತೆಯ ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಾನೇ ಕೂತೆ. ಮಗಳು ಸ್ಟೀರಿಂಗ್ ಮುಂದೆ. ಬಾನೆಟ್ ಕೆಳಗೆ ಈ ದ್ರವ ತುಂಬುವ ಮೇಲಿನ ಡಬ್ಬಿಯಲ್ಲಿದ್ದದ್ದನ್ನು ಸಿರಿಂಜಿನಿಂದ ತೆಗೆದು ಹೊಸ ಡಾಟ್ 4 ತುಂಬಿದೆ. ನಮ್ಮ ಕಾರಿನ ಪುಸ್ತಕದ ಪ್ರಕಾರ ಡಬ್ಬಿಯಿಂದ ದೂರದ ಚಕ್ರ ಮೊದಲು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಪಕ್ಕದ್ದು. ಚಕ್ರದ ಬ್ರೇಕಿನಲ್ಲಿ ಹಳೇ ದ್ರವ ಹೊರಬಿಡುವ ತಿರುಪಿಗೆ, ಅಂದರೆ ನಿಪ್ಪಲ್‌ಗೆ, ಪಾರದರ್ಶಕ ನಳಿಕೆ, ಅದರ ತುದಿ ಬಾಟಲಿಯಲ್ಲಿ.

"ಒತ್ತು."

"ಒತ್ತೀನಿ."

ಸ್ಪಾನರ್‌ನಿಂದ ಕಾಲು ಸುತ್ತು ಸಡಿಲಿಸಿದೆ. ನಳಿಕೆಯಲ್ಲಿ ಬಂದದ್ದು ಕಡಕ್ ಚಹಾ ಬಣ್ಣದ್ದು. ಮೇಲಿನ ಡಬ್ಬಿಯಲ್ಲಿದ್ದದ್ದು ಮಾತ್ರ ತಿಳಿ ಹಳದಿ ಇತ್ತು. ಕಣ್ಣಿಗೆ ಕಾಣುವಷ್ಟನ್ನೇ ಬದಲಿಸಿ, ಪೂರ್ತಿ ದುಡ್ಡು ತಗೊಂಡಿದ್ದರು. ಬಾಗಿಲಿನ ಗೀರು ಮುಚ್ಚಿಟ್ಟಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇದು ಬ್ರೇಕು.

"ತಳಕ್ಕ ಹೋತು. ಬಿಡ್ಲೇನು ಅಪ್ಪಾ?"

"ಬಿಡಬ್ಯಾಡ!" ನಿಪ್ಪಲ್ ಬಿಗಿ ಮಾಡಿದೆ. "ಹೂಂ, ಈಗ ಬಿಡು."

ತೆರೆದಿರುವಾಗ ಅವಳು ಕಾಲೆತ್ತಿದರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಮಾಡಿದ್ದೆಲ್ಲ ಹಾಳು. ಒಮ್ಮೆ ಹೇಳಿದ್ದೆ, ಅಷ್ಟೇ. ಪ್ರತಿ ಚಕ್ರಕ್ಕೂ ಹತ್ತು ಹನ್ನೆರಡು ಸಲ, ಒಂದು ಸಲವೂ ಕೇಳದೆ ಬಿಡಲಿಲ್ಲ. ಮೇಲಿನ ಮನೆಯವರು ಬಂದು "ಇಂಥದ್ದೆಲ್ಲ ಗ್ಯಾರೇಜಿಗೆ ಕೊಡಬಾರದಾ?" ಅಂದರು. ಒಳ್ಳೆಯ ಮನುಷ್ಯ, ಆದರೆ ಕೆಲಸ ನಡೆದಾಗ ಮಾತಿಗೆ ನಿಲ್ಲುತ್ತಾರೆ. ಅವಳಿಗೆ ಕಾಲೇಜಿನ ಸುದ್ದಿ ಕೇಳಿದರು. ಅವಳು ಉತ್ತರವನ್ನೇ ಕೊಡಲಿಲ್ಲ. "ಬಿಡ್ಲೇನು ಅಪ್ಪಾ?" ಅಂದಳು.

ಮೂರು ಚಕ್ರ ಬರೀ ದನಿ ಕೇಳುತ್ತಿತ್ತು. ನಾಲ್ಕನೆಯದಕ್ಕೆ ಬಂದಾಗ, ತೆರೆದ ಬಾಗಿಲಿನಿಂದ ಅವಳ ಕಾಲು ಕಂಡಿತು. ಚಪ್ಪಲಿ ಬಿಟ್ಟಿದ್ದಳು. ಬೆರಳುಗಳು ಪೆಡಲ್ ಮೇಲೆ ಬೆಳ್ಳಗಾಗಿದ್ದವು. ಮೀನಖಂಡ ನಡುಗುತ್ತಿತ್ತು. ಒಂದೂವರೆ ತಾಸಿನಿಂದ ಹೀಗೇ ಹಿಡಿದಿದ್ದಾಳೆ, ಕಾಲು ನೋಯ್ತದೆ ಅಂತ ಒಂದು ಮಾತೂ ಇಲ್ಲ. ಗ್ಯಾರೇಜಿನಲ್ಲಿ ಆ ಬಿಲ್ ಬರೆದವನಿಗೂ ಮನೆಯಲ್ಲಿ ಇಂಥವಳೊಬ್ಬಳು ಇರಬಹುದು, ಅಲ್ವಾ? ಅವಳನ್ನು ಕೂರಿಸಿಕೊಂಡು ಅವನೂ ಯಾವುದೋ ಘಾಟ್ ಇಳಿಯುತ್ತಾನೆ. ಆ ಕಾರಿನಲ್ಲೂ ಡಬ್ಬಿಯಷ್ಟೇ ಬದಲಿಸುತ್ತಾನಾ?

ಗುಳ್ಳೆ ನಿಂತಿತು. ಹಳದಿ ದ್ರವ ಬಂತು. ಬಿಗಿ ಮಾಡಿದೆ.

"ಈಗ ಕಲ್ಲಿನಂಗ ಆಗೇದ," ಅಂದಳು.

ಚೆಲ್ಲಿದ ಕಡೆ ನೀರು ಹಾಕಿ ತೊಳೆದೆ, ಬಣ್ಣ ತಿನ್ನುತ್ತದೆ ಅದು. ಕರಿ ಬಾಟಲಿಯನ್ನು ಮಾತ್ರ ಮುಚ್ಚಳ ಹಾಕಿ ಇಟ್ಟಿದ್ದೇನೆ. ಶನಿವಾರ ಬಿಲ್ಲಿನ ಜೊತೆ ಅವರ ಟೇಬಲ್ ಮೇಲೆ ಇಡುತ್ತೇನೆ. ಮಗಳೂ ಬರ್ತೀನಿ ಅಂದಿದ್ದಾಳೆ.