ಭೂಮ್ತಾಯಿ ಉಂಡ ಮೇಲೆ

ನವೆಂಬರಿನ ನಾಲ್ಕನೇ ಗುರುವಾರ ನಾನು ಮ್ಯಾಸಚೂಸೆಟ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಪಕ್ಕದ ಮನೆಯ ಹಿರಿಯ ದಂಪತಿ ಊಟಕ್ಕೆ ಕರೆದಿದ್ದರು. ತಟ್ಟೆ ಮುಟ್ಟುವ ಮುಂಚೆ ಎಲ್ಲರೂ ಕೈ ಕೈ ಹಿಡಿದು ತಲೆ ತಗ್ಗಿಸಿದಾಗ ನನಗೆ ಕಣ್ಣು ತುಂಬಿತು.

ಆಮೇಲೆ ಆ ಯಜಮಾನರು ಹಬ್ಬದ ಕಥೆ ಹೇಳಿದರು. 1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಬಂದ 102 ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲೇ ತೀರಿಕೊಂಡರಂತೆ. ಉಳಿದವರಿಗೆ ಮೆಕ್ಕೆಜೋಳದ ಬುಡಕ್ಕೆ ಮೀನು ಹೂತು ಬೆಳೆಯುವುದನ್ನು ಕಲಿಸಿದವನು ಅಲ್ಲಿನ ಮೂಲನಿವಾಸಿ ಟಿಸ್ಕ್ವಾಂಟಮ್. ಅವನ ಸ್ವಂತ ಊರು ಅದಾಗಲೇ ರೋಗಕ್ಕೆ ಬಲಿಯಾಗಿತ್ತು. ಇವರು ಬಿತ್ತಿದ್ದು ಅದೇ ನೆಲದಲ್ಲಿ. 1621ರ ಸುಗ್ಗಿಯ ಮೂರು ದಿನದ ಊಟಕ್ಕೆ ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮಸಾಸೊಯಿಟ್ 90 ಜನರೊಡನೆ ಬಂದ. ಅವನ ಕಡೆಯವರು ಐದು ಜಿಂಕೆ ತಂದುಕೊಟ್ಟರು. 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ಇದನ್ನು ಇಡೀ ದೇಶದ ಹಬ್ಬವೆಂದು ಸಾರಿದರು.

ಮೀನು ಹೂತ ಮಾತು ಬಂದದ್ದೇ ನನ್ನ ಜೀವ ಮಲೆನಾಡಿನ ಸಾಗರದ ಸೀಮೆಗೆ ಹೋಯಿತು. ಶೀಗೆ ಹುಣ್ಣಿಮೆ. ತೆನೆಗೆ ಹಾಲು ತುಂಬುವ ಹೊತ್ತು, ಭೂಮ್ತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು. ಅಜ್ಜಿ ರಾತ್ರಿಯಿಡೀ ಒಲೆ ಬಿಟ್ಟು ಏಳುತ್ತಿರಲಿಲ್ಲ. ಬೆಳಕು ಹರಿಯುವ ಮುಂಚೆ ಎಡೆ ತುಂಬಿದ ಚಿತ್ತಾರದ ಭೂಮಣ್ಣಿ ಬುಟ್ಟಿ ಹೊತ್ತು ನಾವೆಲ್ಲ ಗದ್ದೆಗೆ. ಅಂಚಿನ ಹುಲ್ಲಿನ ಇಬ್ಬನಿಗೆ ಕಾಲು ಜೋಮು ಹಿಡಿಯುತ್ತಿತ್ತು. ಆ ಕತ್ತಲಲ್ಲಿ ಅಜ್ಜಿಯ ದನಿ: “ಹಚ್ಚಂಬಲಿ ಹಾಲಂಬಲಿ, ಗುಡ್ಡದ ಮೇಲಿನ ನೂರೊಂದು ಕುಡಿ, ಭೂಮ್ತಾಯಿ ಉಂಡು ಹೋಗ್ಲಿ!” ಆಚೆ ಗದ್ದೆಯಿಂದ ಇನ್ನೊಬ್ಬರ ಕೂಗು, ಅದರಾಚೆ ಮತ್ತೊಂದು. ಕೊನೆಗೆ ಒಂದು ಕಡುಬನ್ನು ಕೆಸರಿನಲ್ಲಿ ಹುಗಿದು ಮಣ್ಣು ಮುಚ್ಚುತ್ತಿದ್ದಳು. ಭೂಮ್ತಾಯಿ ಉಂಡ ಮೇಲೇ ನಮಗೆ ಊಟ.

ಈಗ ನಮ್ಮ ಭೂಮಣ್ಣಿ ಬುಟ್ಟಿ ಶೋಕೇಸಿನಲ್ಲಿದೆ, ನಮ್ಮ ಗದ್ದೆಯಲ್ಲಿ ಕೂಗುವವರಿಲ್ಲ. ಇಲ್ಲೂ ಅಷ್ಟೇ, ಹಬ್ಬದ ಮಾರನೇ ದಿನವೇ ಅಂಗಡಿಗಳ ಮುಂದೆ ನೂಕುನುಗ್ಗಲು. ಅನ್ನದ ದಾರಿ ತೋರಿಸಿದವರ ಸಂತತಿ 1970ರಿಂದ, ಹಡಗಿನಲ್ಲಿ ಬಂದವರು ನೆಲೆಯೂರಿದ ಪ್ಲಿಮತ್‌ನಲ್ಲಿ, ಇದೇ ದಿನವನ್ನು ಶೋಕದ ದಿನವಾಗಿ ಆಚರಿಸುತ್ತಿದೆ. ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. ಉಣ್ಣುವ ಮುಂಚೆ ಅವರನ್ನೂ ನೆನೆಯಬೇಕಲ್ಲವೇ?

ಮರುದಿನ ನಸುಕಿಗೆ ಒಂದು ಕಡುಬು ಬೇಯಿಸಿಕೊಂಡು ಹಿತ್ತಲಿಗಿಳಿದೆ. ನೆಲ ಚಳಿಗೆ ಕಲ್ಲಾಗಿತ್ತು. ಸೌಟಿನ ಹಿಡಿಯಿಂದ ಗೀರಿ ಗೀರಿ ಗುಳಿ ಮಾಡಿದೆ. ಟಿಸ್ಕ್ವಾಂಟಮ್‌ನ ಹೆಸರು ಹೇಳಿ, ಅಜ್ಜಿಯ ಹೆಸರು ಹೇಳಿ, ಕಡುಬಿಟ್ಟು ಮಣ್ಣು ಮುಚ್ಚಿದೆ. ಮಗಳು ಬಾಗಿಲಲ್ಲಿ ನಿಂತಿದ್ದಳು. “ಅಮ್ಮಾ, ಕೂಗಬೇಕಲ್ವಾ?” ಅಂದಳು.

ಇಬ್ಬರೂ ಕೂಗಿದೆವು.